ಉಪದೇಶಿಗಳು ಹೇಳಿದ ಒಂದೇ ಸುಳ್ಳು

ಮಳೆಗಾಲದ ಭಾನುವಾರಗಳಲ್ಲಿ ನಮ್ಮ ಉಪದೇಶಿಗಳು ಪ್ರಾರ್ಥನೆ ಮುಗಿಸಿ ಹೊರಟ ಮೇಲೆ, ಅವರು ನಿಂತಿದ್ದ ಜಾಗದಲ್ಲಿ ನಾಲ್ಕೈದು ಹನಿ ರಕ್ತ ಬಿದ್ದಿರುತ್ತಿತ್ತು. ಜಿಗಣೆ ಕಚ್ಚಿದ ರಕ್ತ. ಅವರು ತೋಟದೊಳಗಿನ ದಾರಿಯಲ್ಲಿ ಬರಿಗಾಲಲ್ಲಿ ನಡೆದು ಬರುತ್ತಿದ್ದರು. ಚರ್ಚಿನ ಬಾಗಿಲಲ್ಲಿ ಬಿಚ್ಚಲೇಬೇಕಾದ ಚಪ್ಪಲಿಯನ್ನು ಹಾಕಿಕೊಳ್ಳುವುದಾದರೂ ಯಾಕೆ ಎನ್ನುವುದು ಅವರ ವಾದ. ಜಿಗಣೆ ಹತ್ತಿದ್ದು ಗೊತ್ತಾದರೂ ಪ್ರಾರ್ಥನೆಯ ನಡುವೆ ಬಗ್ಗಿ ಕೀಳುತ್ತಿರಲಿಲ್ಲ. ಅದು ಹೊಟ್ಟೆ ತುಂಬ ಕುಡಿದು ತಾನಾಗಿ ಉದುರುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ನಾವು ಕಣ್ಣು ಮಿಟುಕಿಸದೆ ನೋಡುತ್ತಿದ್ದುದು ಶಿಲುಬೆಯನ್ನಲ್ಲ, ಆ ಕಣಕಾಲನ್ನು.

ಹೊಂಗಡಹಳ್ಳದಿಂದ ಬಿಸಿಲೆ ಕಡೆ ಹೋಗುವ ರಸ್ತೆಯಲ್ಲಿ, ಎಸ್ಟೇಟಿನ ಕೂಲಿಯವರ ಲೈನು ಮನೆಗಳ ಪಕ್ಕದಲ್ಲಿ ನಮ್ಮ ಚರ್ಚು. ಚರ್ಚೆಂದರೆ ನಲವತ್ತು ಮನೆಯವರು ಒತ್ತಿಕೊಂಡು ಕೂರುವ ಹೆಂಚಿನ ಕೋಣೆ. ಫಾದರ್ ತಿಂಗಳ ಮೊದಲ ಭಾನುವಾರ ಪಟ್ಟಣದಿಂದ ಬಂದು ಪೂಜೆ ಕೊಟ್ಟು ಹೋಗುತ್ತಿದ್ದರು. ಉಳಿದದ್ದೆಲ್ಲ ಉಪದೇಶಿಗಳ ತಲೆಯ ಮೇಲೆ. ಗಂಟೆ ಹೊಡೆಯುವುದು, ಮಕ್ಕಳಿಗೆ ಜಪ ಕಲಿಸುವುದು, ಸಾಯುವವರ ಪಕ್ಕ ಕೂರುವುದು. ಯಾರ ಮನೆಯಲ್ಲಾದರೂ ಕಾಯಿಲೆ ಜೋರಾದರೆ ಎಲ್ಲರಿಗಿಂತ ಮೊದಲು ಅಲ್ಲಿಗೆ ತಲುಪುತ್ತಿದ್ದವರು ಅವರೇ. ಹಾಗಾಗಿ ಅವರು ಲೈನಿನ ಕಡೆ ತಿರುಗಿದರೆಂದರೆ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು, ಯಾರ ಬಾಗಿಲಲ್ಲಿ ನಿಲ್ಲುತ್ತಾರೋ ಎಂದು ನೋಡುತ್ತಿದ್ದರು. ಬಾಗಿಲು ದಾಟಿ ಮುಂದೆ ಹೋದರೆ ಉಸಿರು ಬಿಡುತ್ತಿದ್ದರು. ಇದು ಅವರಿಗೂ ಗೊತ್ತಿತ್ತು. "ಹೆದರ್ಬ್ಯಾಡ್ರವ್ವ, ಕಾಫಿ ಕುಡಿಯೋಕೆ ಬಂದಿದೀನಿ," ಎಂದು ದೂರದಿಂದಲೇ ಕೂಗಿ ಹೇಳುತ್ತಿದ್ದರು.

ಅವರ ಕಾಫಿಯೂ ಅವರಂತೆಯೇ. ಹಾಲಿಲ್ಲ, ಸಕ್ಕರೆಯಿಲ್ಲ, ಬಾಯಲ್ಲಿ ಒಂದು ಚೂರು ಬೆಲ್ಲ. ಯಾರಾದರೂ ಅರಚಿ ಪ್ರಾರ್ಥನೆ ಮಾಡಿದರೆ "ದೇವ್ರಿಗೆ ಕಿವಿ ಐತೆ ಮಾರಾಯ, ಮೆಲ್ಲಗೆ ಹೇಳು," ಎನ್ನುತ್ತಿದ್ದರು. ಸುಳ್ಳೆಂದರೆ ಅವರಿಗೆ ಆಗುತ್ತಿರಲಿಲ್ಲ. ಸಾಯುತ್ತಿರುವವನು ಬದುಕುತ್ತೀನಾ ಎಂದು ಕೇಳಿದರೂ "ಇಲ್ಲ ಕಣಪ್ಪ" ಎಂದು ಕೈ ಹಿಡಿದುಕೊಳ್ಳುವ ಆಸಾಮಿ. ನನಗೆ ಅವರ ಮೇಲೆ ಭಕ್ತಿಗಿಂತ ಭಯವೇ ಹೆಚ್ಚಾಗಿತ್ತು.

ಭಯಕ್ಕೆ ಕಾರಣವಿತ್ತು. ನಾನು ಗಂಡಸರನ್ನು ಇಷ್ಟಪಡುವ ಗಂಡಸು. ಇದನ್ನು ಬರೆಯುವಾಗಲೂ ಒಮ್ಮೆ ಬಾಗಿಲ ಕಡೆ ನೋಡಿದೆ. ಪೇಪರಿನವರು ಸಲಿಂಗಿ ಎನ್ನುತ್ತಾರೆ. ನಮ್ಮ ಲೈನಿನಲ್ಲಿ ಬಳಸುವ ಪದವನ್ನು ನಾನಿಲ್ಲಿ ಬರೆಯುವುದಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ತೀರಿಕೊಂಡ ಮೇಲೆ ನನಗೆ ಅಲ್ಲಿಯೇ ಸ್ಟೋರಿನಲ್ಲಿ ಕೆಲಸ ಸಿಕ್ಕಿತ್ತು. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಏಳು ವರ್ಷದ ಹಿಂದೆ, ನನಗೆ ಇಪ್ಪತ್ತೊಂಬತ್ತು ತುಂಬಿದ ವರ್ಷ, ಅಮ್ಮ ನನ್ನ ಫೋನಿನಲ್ಲಿ ಒಬ್ಬನ ಸಂದೇಶ ಓದಿಬಿಟ್ಟಳು.

ಅವಳು ಮೊದಲು ಓಡಿದ್ದು ಉಪದೇಶಿಗಳ ಹತ್ತಿರ. ಅವರು "ಅವಸ್ರ ಮಾಡ್ಬ್ಯಾಡ ತಾಯಿ" ಎಂದರಂತೆ. ಅಮ್ಮನಿಗೆ ಬೇಕಾಗಿದ್ದದ್ದು ಆ ಮಾತಲ್ಲ. ಪಟ್ಟಣದಲ್ಲೊಂದು ಪ್ರಾರ್ಥನಾ ಕೂಟವಿತ್ತು. ಅಲ್ಲಿ ದೆವ್ವ ಬಿಡಿಸುವ ಬ್ರದರ್ ಒಬ್ಬರಿದ್ದರು. ನನ್ನನ್ನು ಮೂರು ದಿನ ಉಪವಾಸ ಕೂರಿಸಿದರು. ನಾಲ್ಕು ಜನ ತಲೆಯ ಮೇಲೆ ಕೈಯಿಟ್ಟು ಅದುಮಿ, ನಿನ್ನ ಹೆಸರೇನು ಎಂದು ಕೇಳುತ್ತಲೇ ಇದ್ದರು. ನನ್ನ ಹೆಸರಲ್ಲ, ಒಳಗಿರುವುದರ ಹೆಸರು. ಮೂರನೆಯ ದಿನ ಮಧ್ಯಾಹ್ನ ಹಸಿವು ತಡೆಯದೆ ಬಾಯಿಗೆ ಬಂದ ಹೆಸರು ಹೇಳಿದೆ. ಅದು ಎಸ್ಟೇಟ್ ಮಾಲೀಕರ ನಾಯಿಯ ಹೆಸರು. ಅದನ್ನು ಓಡಿಸಿದೆವೆಂದು ಎಲ್ಲರೂ ಚಪ್ಪಾಳೆ ತಟ್ಟಿ ಹಾಡಿದರು. ಅಮ್ಮ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಆ ನಾಯಿಯ ನೆನಪಾದರೆ ನನಗೆ ಈಗಲೂ ನಗು ಬರುತ್ತದೆ. ಅಮ್ಮನ ಅಳು ನೆನಪಾದರೆ ನಗು ಅಲ್ಲೇ ನಿಲ್ಲುತ್ತದೆ.

ಹೊರಡುವಾಗ ಬ್ರದರ್ ಅಮ್ಮನನ್ನು ಪಕ್ಕಕ್ಕೆ ಕರೆದರು. "ಮನೆ ಖಾಲಿಯಾಗಿದೆ ಅಮ್ಮ, ಖಾಲಿ ಬಿಡಬೇಡಿ. ಬೇಗ ಮದುವೆ ಮಾಡಿ. ಇಲ್ಲಾಂದ್ರೆ ಹೋದ ದೆವ್ವ ಒಂದೇ, ಬರುವಾಗ ಏಳು ಬರುತ್ತೆ." ಅಮ್ಮ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಒಂದು ತಿಂಗಳಲ್ಲಿ ಆಲೂರಿನಾಚೆ ಪಾಳ್ಯದ ಕಡೆಯ ಒಂದು ಹುಡುಗಿ ಗೊತ್ತಾದಳು. ನೋಡಲು ಹೋದಾಗ ಅವಳು "ನಿಮಗೆ ಮನಸ್ಸಿದೆಯಾ?" ಎಂದು ನೇರವಾಗಿ ಕೇಳಿದಳು. ನಾನು ಹೂಂ ಎಂದೆ. ನನ್ನ ಜೀವನದಲ್ಲಿ ನಾಚಿಕೆಪಡಬೇಕಾದ ಮಾತುಗಳಲ್ಲಿ ಅದು ಎರಡನೆಯದು.

ಫಾದರ್ ಹತ್ತಿರವೂ ಹೋಗಿದ್ದೆ. ಓದಿಕೊಂಡ ಮನುಷ್ಯ, ಒಳ್ಳೆಯ ಮಾತು. "ನಿನ್ನನ್ನು ಯಾರೂ ಹೊರಗೆ ಹಾಕೋದಿಲ್ಲ," ಎಂದರು. "ರೋಮಿನಲ್ಲಿ ಈಗ ಮೆತ್ತಗೆ ಮಾತಾಡ್ತಿದ್ದಾರೆ. ಆ ಮಾತು ಹೊಂಗಡಹಳ್ಳಕ್ಕೆ ಬರೋದಕ್ಕೆ ಕಾಲ ಬೇಕಪ್ಪ. ಅಲ್ಲೀತನಕ ಗದ್ದಲ ಬೇಡ." ಮದುವೆ ಆಗಲೋ ಬೇಡವೋ ಎಂದು ಕೇಳಿದ್ದಕ್ಕೆ, ಪ್ರಾರ್ಥನೆ ಮಾಡು ಎಂದು ಗಡಿಯಾರ ನೋಡಿದರು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಹುಡುಗ ಹುಡುಗಿಯ ಹೆಸರು ಓದುತ್ತಾರೆ. ಈ ಮದುವೆಗೆ ಅಡ್ಡಿಯೇನಾದರೂ ಗೊತ್ತಿದ್ದವರು ತಿಳಿಸಬೇಕು, ಗೊತ್ತಿದ್ದೂ ಮುಚ್ಚಿಟ್ಟರೆ ಪಾಪ ಅವರದು ಎನ್ನುತ್ತಾರೆ. ಮೂರು ಸಲ ಓದಿಯಾದರೆ ಮುಗಿಯಿತು. ಜನವರಿಯ ಮೊದಲ ಭಾನುವಾರ ಫಾದರ್ ಓದಿದರು. ಎರಡನೆಯ ಭಾನುವಾರ ಉಪದೇಶಿಗಳು ಓದಿದರು. ಅಡ್ಡಿ ಎಂಬ ಮಾತು ಬಂದಾಗ ಅವರು ತಲೆಯೆತ್ತಿ ನನ್ನನ್ನು ನೋಡಿದರು.

ಬುಧವಾರ ಅವರು ಕಣಕ್ಕೆ ಬಂದರು. ನಾನು ಕಾಫಿ ಹಣ್ಣು ಹರವಿಸುತ್ತಿದ್ದೆ. ಆಳುಗಳು ಊಟಕ್ಕೆ ಹೋಗುವ ತನಕ ಕಾದು, ನೆರಳಿಗೆ ಕರೆದು ಕೂರಿಸಿದರು.

"ನಮ್ಮಲ್ಲಿ ಒಬ್ಬ ಜೀಪ್ ಡ್ರೈವರ್ ಇದ್ದ. ನೀನಾಗಿನ್ನೂ ಚಿಕ್ಕೋನು, ನಿಂಗೆ ನೆನಪಿರಲ್ಲ," ಎಂದು ಶುರುಮಾಡಿದರು. "ನೀನು ಹೆಂಗೋ ಅವನೂ ಹಂಗೇ. ಮದ್ವೆಗೆ ಮುಂಚೆ ನನ್ ಹತ್ರ ಬಂದು ಕಾಲು ಹಿಡ್ಕಂಡ. ನಂಗಾಗಲ್ಲ, ನಿಲ್ಸಿ ಅಂದ. ಎಲ್ಲಾ ಸರಿಹೋಗ್ತದೆ ಹೋಗೋ ಅಂದೆ. ಈ ಬಾಯಲ್ಲೇ ಅವನ ಹೆಸ್ರು ಓದಿದೆ. ನಾಲ್ಕು ತಿಂಗ್ಳಿಗೆ ಎಡಕುಮೇರಿ ಹತ್ರ ರೈಲು ಹಳಿ ಮ್ಯಾಲೆ ಹೋಗ್ಬುಟ್ಟ. ಗುರುತು ಹಿಡಿಯೋಕೆ ನನ್ನೇ ಕರ್ದಿದ್ರು. ಗುರುತು ಹಿಡಿಯೋಕೆ ಏನೂ ಇರ್ಲಿಲ್ಲ ಕಣೋ. ಅಂಗಿ ನೋಡಿ ಹೌದು ಅಂದೆ."

ನಾನು ಹಣ್ಣಿನ ರಾಶಿಯನ್ನೇ ನೋಡುತ್ತಿದ್ದೆ.

"ಅವನ ಹೆಂಡ್ತಿಗೆ ಹತ್ತೊಂಬತ್ತು. ನನ್ನಲ್ಲೇನು ಕೊರತೆ ಇತ್ತು ಉಪದೇಶಿಗಳೇ ಅಂತ ನನ್ನೇ ಕೇಳಿದ್ಲು. ಏನು ಹೇಳ್ಲಿ?" ನನ್ನ ಕಡೆ ತಿರುಗಿ ಹೇಳಿದರು: "ನಿಂದು ಸರಿ ಅಂತ ನಾನು ಅನ್ನಲ್ಲ. ತಪ್ಪು ಅನ್ನೋಕೂ ನಂಗೆ ಗೊತ್ತಿಲ್ಲ. ಗೊತ್ತಿಲ್ದೇನೇ ಒಬ್ಬನ್ನ ಕಳ್ದೀನಿ. ಪಾಳ್ಯದ ಆ ಹುಡ್ಗಿ ನಿಂಗೇನು ಮಾಡಿದ್ಲು? ನೀನು ಹೇಳ್ತೀಯೋ, ನಾನು ಹೇಳ್ಲೋ?"

ನೀವು ಬಾಯಿ ಬಿಟ್ಟರೆ ನಾನೂ ಎಡಕುಮೇರಿಗೆ ಹೋಗುತ್ತೇನೆ ಎಂದೆ. ಹೆದರಿಸಲು ಹೇಳಿದ್ದಲ್ಲ. ನಿಜವಾಗಿಯೂ ಯಾವ ರೈಲು ಎಷ್ಟು ಹೊತ್ತಿಗೆ ಎಂದು ವಿಚಾರಿಸಿ ಇಟ್ಟುಕೊಂಡಿದ್ದೆ. ಅವರಿಗೆ ಅದು ನನ್ನ ಮುಖದಲ್ಲಿ ಕಂಡಿರಬೇಕು. ಏಳಲು ಹೋದವರು ಮತ್ತೆ ಕೂತು ನನ್ನ ಭುಜ ಹಿಡಿದುಕೊಂಡರು.

ಮೂರನೆಯ ಭಾನುವಾರ ಚರ್ಚು ತುಂಬಿತ್ತು. ಹುಡುಗಿಯ ಸೋದರಮಾವ ಪಾಳ್ಯದಿಂದ ಬಂದು ಮುಂದೆ ಕೂತಿದ್ದರು. ಜಪ ಮುಗಿಯಿತು, ಹಾಡು ಮುಗಿಯಿತು. ಉಪದೇಶಿಗಳು ಕಾಗದ ಬಿಡಿಸಿ ನನ್ನ ಹೆಸರು ಓದಿದರು. ಆಮೇಲೆ ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡರು.

"ಈ ಮದ್ವೆಗೆ ಅಡ್ಡಿ ಐತೆ," ಎಂದರು. ನಾನು ಬಾಗಿಲ ಕಡೆ ನೋಡಿದೆ.

"ಅಡ್ಡಿ ನಂದು. ಇವನು ಏಳು ತಿಂಗ್ಳಿಗೆ ಹುಟ್ಟಿದ ಕೂಸು. ಫಾದರ್ ಬರೋತನಕ ಉಳಿಯಲ್ಲ ಅಂತ ನಾನೇ ನೀರು ಹಾಕಿ ಜ್ಞಾನಸ್ನಾನ ಕೊಟ್ಟೆ. ಪಿತ, ಸುತ, ಪವಿತ್ರಾತ್ಮ, ಮೂರು ಹೆಸ್ರೂ ಹೇಳ್ಬೇಕು. ಅವತ್ತು ಗಾಬ್ರಿಲಿ ಒಂದು ಬಿಟ್ಟೋಯ್ತು. ಇಷ್ಟು ವರ್ಷ ಮುಚ್ಚಿಟ್ಟೆ. ಆ ಸ್ನಾನ ಲೆಕ್ಕಕ್ಕಿಲ್ಲ. ಸ್ನಾನ ಇಲ್ದೋನಿಗೆ ಇಲ್ಲಿ ಮದ್ವೆ ಇಲ್ಲ."

ಅದು ಸುಳ್ಳೆಂದು ನನಗೊಬ್ಬನಿಗೇ ಗೊತ್ತಾಯಿತು. ಅವರನ್ನು ಅಲ್ಲಗಳೆಯಬಲ್ಲವರು ಯಾರೂ ಇರಲಿಲ್ಲ. ಅಮ್ಮನಿಗೆ ಆಗ ಪ್ರಜ್ಞೆಯೇ ಇರಲಿಲ್ಲವಂತೆ, ಸೂಲಗಿತ್ತಿ ಸತ್ತು ಎಷ್ಟೋ ಕಾಲವಾಗಿತ್ತು. ಹುಡುಗಿಯ ಮಾವ ಎದ್ದು ಹೊರಗೆ ನಡೆದರು. ಜ್ಞಾನಸ್ನಾನವೇ ಇಲ್ಲದ ಅಳಿಯ ಅವರಿಗೆ ಅಪಶಕುನವಾಗಿ ಕಂಡಿರಬೇಕು. ಮದುವೆ ಅಲ್ಲಿಗೇ ಮುರಿಯಿತು. ನನ್ನ ಮೈಯೆಲ್ಲ ಹಗುರವಾಯಿತು. ಆ ಹಗುರ ಅರ್ಧ ನಿಮಿಷವೂ ಉಳಿಯಲಿಲ್ಲ.

ಹೆಂಗಸರ ಸಾಲಿನಿಂದ ಲೈನಿನ ಕೊನೆ ಮನೆಯ ಅಕ್ಕ ಎದ್ದು ನಿಂತಳು. ಅವಳ ಚೊಚ್ಚಲ ಕೂಸು ಎರಡು ಗಂಟೆ ಬದುಕಿತ್ತು. ಅದಕ್ಕೂ ಉಪದೇಶಿಗಳೇ ನೀರು ಹಾಕಿ, ಸ್ನಾನವಾದ ಕೂಸೆಂದು ಸ್ಮಶಾನದ ಬೇಲಿಯ ಒಳಗೆ ಮಣ್ಣು ಮಾಡಿಸಿದ್ದರು. ಸ್ನಾನವಿಲ್ಲದೆ ಸತ್ತ ಕೂಸು ಸ್ವರ್ಗದ ಬಾಗಿಲ ಹೊರಗೆ ನಿಂತು ಅಳುತ್ತಿರುತ್ತದೆ ಎಂದು ಹಳಬರು ಹೇಳುತ್ತಾರೆ. ಫಾದರ್ ಎಷ್ಟು ಸಲ ಅಲ್ಲವೆಂದರೂ ಲೈನಿನಲ್ಲಿ ಆ ನಂಬಿಕೆ ಹೋಗಿಲ್ಲ.

"ನನ್ ಕೂಸಿಗೂ ಹಿಂಗೇ ಬಿಟ್ಟೀರಾ?" ಎಂದಳು.

"ಇಲ್ಲ ಕಣವ್ವ. ನಿನ್ ಕೂಸಿಗೆ ಮೂರೂ ಹೇಳೀನಿ."

"ಇವನಿಗೆ ಬಿಟ್ಟೋರು ನನ್ ಕೂಸಿಗೆ ಬಿಟ್ಟಿಲ್ಲ ಅಂತ ಹೆಂಗ್ ನಂಬ್ಲಿ?"

ಹೀಗಾಗುತ್ತದೆಂದು ಉಪದೇಶಿಗಳು ಯೋಚಿಸಿಯೇ ಇರಲಿಲ್ಲ. ಜೀವನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಅದು ಯಾರ ಯಾರ ಮನೆಗೆ ಹೋಗುತ್ತದೆ ಎಂದು ಲೆಕ್ಕ ಹಾಕುವುದು ಅವರಿಗೆ ತಿಳಿಯಲಿಲ್ಲ. ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು ಎದ್ದಳು. ಅವರು ನೀರು ಹಾಕಿದ ಕೂಸುಗಳು ಮೂವತ್ತು ವರ್ಷದಲ್ಲಿ ಎಷ್ಟಿದ್ದವೋ. ನಾನು ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ತಲೆ ತಗ್ಗಿಸಿ ಕೂತೆ.

ಫಾದರ್ ಅವರಿಂದ ಚರ್ಚಿನ ಬೀಗದ ಕೈ ಇಸಕೊಂಡರು. ನನ್ನನ್ನು ಕರೆದು ಇನ್ನೊಮ್ಮೆ ಸ್ನಾನ ಮಾಡಿಸಿಕೋ ಎಂದರು. ನಾನು ಒಪ್ಪಲಿಲ್ಲ. ಅದನ್ನು ಯಾರಾದರೂ ಧೈರ್ಯ ಎಂದುಕೊಂಡರೆ ತಪ್ಪು. ಒಪ್ಪಿದ್ದರೆ ಅಮ್ಮ ಮತ್ತೆ ಹುಡುಗಿ ಹುಡುಕುತ್ತಿದ್ದಳು. ಅಲ್ಲಿಂದೀಚೆಗೆ ಸ್ನಾನವಿಲ್ಲದ ನಾನು ಪೂಜೆಯ ಪರಮಪ್ರಸಾದ ತೆಗೆದುಕೊಂಡಿಲ್ಲ. ಕೊನೆಯ ಸಾಲಿನಲ್ಲಿ ಕೂತು ಎದ್ದು ಬರುತ್ತೇನೆ. ನನ್ನ ಗುಟ್ಟು ಮಾತ್ರ ಭದ್ರವಾಗಿತ್ತು.

ಅವರ ಗತಿ ಹಾಗಿರಲಿಲ್ಲ. ಲೈನಿನ ಕಡೆ ಬಂದರೆ ಜನ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಸಾಯುವವರ ಮನೆಗೆ ಯಾರೂ ಕರೆಯುತ್ತಿರಲಿಲ್ಲ. ಕರೆಯದಿದ್ದರೂ ಹೋಗಿ ಅಂಗಳದಲ್ಲಿ ನಿಂತು ಬರುತ್ತಿದ್ದರು. ನಾನು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಅವರು ಒಮ್ಮೆಯೂ ಆ ವಿಷಯ ಎತ್ತಿದವರಲ್ಲ. ಒಂದೇ ಒಂದು ಸಲ, ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಆ ಕೊನೆ ಮನೆಯೋಳು ಇನ್ನೂ ನಿದ್ದೆ ಮಾಡ್ತಿಲ್ವಂತೆ ಕಣೋ. ದಿನಾ ಸಾಯಂಕಾಲ ಸ್ಮಶಾನದ ಗೇಟಿನ ಹೊರಗೆ ಮೇಣದಬತ್ತಿ ಹಚ್ತಾಳಂತೆ. ಕೂಸು ಹೊರಗೇ ಇರೋವಾಗ ಒಳಗ್ಯಾಕೆ ಹಚ್ಚೋದು ಅಂತಾಳಂತೆ."

ಅದು ನನಗೆ ಹೇಳಿದ ಮಾತೆಂದು ಗೊತ್ತಿತ್ತು. ಹೌದಾ ಎಂದೆ. ನನ್ನ ನಾಚಿಕೆಗೇಡಿನ ಮಾತುಗಳಲ್ಲಿ ಅದೇ ಮೊದಲನೆಯದು.

ಕಳೆದ ವರ್ಷ, ಆರು ವರ್ಷ ಹೀಗೆ ಬದುಕಿ, ಅವರು ತೀರಿಕೊಂಡರು. ಮೂರು ದಿನದ ಜ್ವರ. ಊರಿನ ಎಲ್ಲ ಹೆಣದ ಪಕ್ಕ ಕೂತವರ ಪಕ್ಕದಲ್ಲಿ ನಾನೊಬ್ಬನೇ ಇದ್ದೆ. ಬದುಕುತ್ತೀನಾ ಎಂದು ಅವರು ಕೇಳಲಿಲ್ಲ. ಮಣ್ಣಿಗೆ ಹನ್ನೊಂದು ಜನ ಬಂದಿದ್ದರು. ಫಾದರ್ ಬೇಗ ಮುಗಿಸಿದರು.

ಮರುದಿನ ಬೆಳಿಗ್ಗೆ ಕೊನೆ ಮನೆಗೆ ಹೋದೆ. ಅಕ್ಕ ಜಗುಲಿಯ ಮೇಲೆ ಮೆಣಸು ಆರಿಸುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಉಪದೇಶಿಗಳು ಯಾವ ಹೆಸರನ್ನೂ ಬಿಟ್ಟವರಲ್ಲ, ನನ್ನ ಮದುವೆ ನಿಲ್ಲಿಸಲು ಸುಳ್ಳು ಹೇಳಿದರು, ಯಾಕೆಂದರೆ ನಾನು ಇಂಥವನು ಎಂದು ಬಾಯಿಬಿಟ್ಟು ಹೇಳಿದೆ. ಆ ಮಾತನ್ನು ನನ್ನೂರಿನಲ್ಲಿ ಜೋರಾಗಿ ಹೇಳಿದ್ದು ಅದೇ ಮೊದಲು. ಅವಳು ಮೊರ ಎತ್ತಿ ಎಸೆಯುತ್ತಾಳೆ, ಬೀದಿಯವರನ್ನೆಲ್ಲ ಸೇರಿಸುತ್ತಾಳೆ ಎಂದು ಕಾದೆ.

ಅವಳು ಮೆಣಸಿನ ಮೊರವನ್ನು ಪಕ್ಕಕ್ಕಿಟ್ಟಳು.

"ನೀನು ಯಾರ್ ಜೊತೆಗಾದ್ರೂ ಇರು, ನಂಗೇನೋ," ಎಂದಳು. "ಆರು ವರ್ಷ ಸುಮ್ನಿದ್ಯಲ್ಲೋ. ಆರು ವರ್ಷ ನನ್ ಕೂಸನ್ನ ಹೊರಗೆ ನಿಲ್ಸಿದ್ಯಲ್ಲೋ. ಆ ಮುದುಕನ್ನೂ ಹೊರಗೇ ನಿಲ್ಸಿದ್ಯಲ್ಲೋ."

ಎದ್ದು ಒಳಗೆ ಹೋಗಿ ಎರಡು ಮೇಣದಬತ್ತಿ ತಂದಳು. ಬಾ ಎಂದೂ ಅನ್ನದೆ ಸ್ಮಶಾನದ ಕಡೆ ನಡೆದಳು. ಹಿಂದೆಯೇ ಹೋದೆ. ಗೇಟು ತೆಗೆದವಳು ಒಮ್ಮೆ ತಿರುಗಿ ನೋಡಿದಳು.

"ನೀನು ಅಲ್ಲೇ ನಿಂತ್ಕ," ಎಂದಳು.

ಅವಳು ಒಂದು ಬತ್ತಿಯನ್ನು ಕೂಸಿನ ಹತ್ತಿರ, ಇನ್ನೊಂದನ್ನು ಉಪದೇಶಿಗಳ ಹಸಿ ಮಣ್ಣಿನ ಮೇಲೆ ಹಚ್ಚಿಟ್ಟು ಬರುವ ತನಕ ನಾನು ಗೇಟಿನ ಹೊರಗೆ ನಿಂತಿದ್ದೆ.