ಬೆರಳು ಮೂಸುವ ಮೆಕ್ಯಾನಿಕ್

ಶಿಡ್ಲಘಟ್ಟದಲ್ಲಿ ನನ್ನ ಕಾರು ನೋಡುತ್ತಿದ್ದ ಮೆಕ್ಯಾನಿಕ್, ಬಾನೆಟ್ ಎತ್ತಿದ ಕೂಡಲೇ ಎಂಜಿನ್ನಿಗೆ ಗಾಳಿ ಹೋಗುವ ಪೈಪಿಗೆ ಬೆರಳಿಟ್ಟು ಮೂಸಿ, "ಉಸಿರಾಡೋ ದಾರೀಲಿ ಆಯಿಲ್ ಯಾಕಪ್ಪ?" ಅನ್ನೋರು. ಆ ಆಯಿಲ್ ಉರಿದು ಕಾರು ನೀಲಿ ಹೊಗೆ ಬಿಟ್ಟಿದ್ದಕ್ಕೆ ರೇಸ್ ಟ್ರ್ಯಾಕಿನಿಂದ ಆಚೆ ಹಾಕಿಸಿಕೊಂಡಿದ್ದೆ. ಇನ್ನೊಮ್ಮೆ ಹೊಗೆ ಕಂಡರೆ ಒಳಗೇ ಬಿಡೋದಿಲ್ಲ ಅಂತ ಟ್ರ್ಯಾಕಿನವರು ಅಂದಿದ್ದರು. ಆಯಿಲ್ ತಡೆಯಲೆಂದು ನಾನು ತರಿಸಿದ ಮಿರುಗುವ ಡಬ್ಬಿಯನ್ನು ಮೆಕ್ಯಾನಿಕ್ ಬಿಚ್ಚಿದರೆ, ಒಳಗೆ ನನ್ನ ತಲೆಯಷ್ಟೇ ಖಾಲಿ. ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿ, "ಆಯಿಲ್ ಇದಕ್ಕೆ ಅಂಟ್ಕೊಳ್ತದೆ, ಗಾಳಿ ಹೋಗ್ತದೆ. ಪೈಪ್ ನೀನೇ ಹಾಕು," ಅಂದು ಟೀಗೆ ಹೋದರು.

ಪೈಪ್ ಸಿಕ್ಕಿಸಿ, ಜೊತೆಗೆ ಬಂದಿದ್ದ ಗೆಳೆಯರ ಮುಂದೆ ಬೆರಳು ಮೂಸಿ, ಮೆಕ್ಯಾನಿಕ್ ದನಿಯಲ್ಲೇ ಅದೇ ಪ್ರಶ್ನೆ ಕೇಳಿದೆ. ಎಲ್ಲರೂ ನಕ್ಕರು. ನನ್ನ ಹಿಂದೆಯೇ ಮೆಕ್ಯಾನಿಕ್ ನಿಂತಿದ್ದರು. ಬಗ್ಗಿ ಪೈಪ್ ಎಳೆದರು, ಕೈಗೇ ಬಂತು.

"ನನ್ ದನಿ ಚೆನ್ನಾಗ್ ಬಂದದೆ ಕಣಪ್ಪ. ಪೈಪ್ ಹಿಡಿಯೋ ಕ್ಲಾಂಪ್ ಬಿಗಿ ಮಾಡೋದು ಯಾವಾಗ ಬರ್ತದೆ?"

ಮರುದಿನ ಟ್ರ್ಯಾಕಿನಲ್ಲಿ ಹೊಗೆ ಬರಲಿಲ್ಲ. ಗೆಳೆಯರು ಎಷ್ಟು ಕೇಳಿದರೂ ನನ್ನ ಬಾಯಿಂದ ಮೆಕ್ಯಾನಿಕ್ ದನಿಯೂ ಬರಲಿಲ್ಲ.