ಮಾತು ಬಿಡುವ ಮನೆ

ಇಂದು ಬೆಳಿಗ್ಗೆ ನಮ್ಮ ಮನೆಯವರು ತಿಂಡಿ ತಿನ್ನುತ್ತ ತುಂಬಾ ಹೊತ್ತು ಸುಮ್ಮನಿದ್ದರು. "ಯನ್ನಿಂದ ಎಂತಾರೂ ತಪ್ಪಾತ?" ಎಂದು ಕೇಳಿದೆ.

ಅವರು ಕೆನ್ನೆ ಹಿಡಿದುಕೊಂಡು, "ಹಲ್ಲುನೋವು ಮಾರಾಯ್ತಿ. ಅದಕ್ಕೂ ನೀನೇ ಕಾರಣ ಆಗವ?" ಎಂದರು.

ನನಗೂ ನಗು ಬಂತು. ಎದುರಿಗಿದ್ದವರು ಸುಮ್ಮನಾದರೆ ಸಾಕು, ತಪ್ಪು ನನ್ನದೇ ಎಂದುಕೊಳ್ಳುವ ಈ ಚಾಳಿ ಎಲ್ಲಿಂದ ಬಂತೆಂದು ನಿಮಗಾದರೂ ಹೇಳಬೇಕು.

ಯಲ್ಲಾಪುರದಲ್ಲಿ ನಾನಾಗ ಎಂಟನೇ ತರಗತಿ. ಆಯಿ, ಎಂದರೆ ನನ್ನ ಅಮ್ಮ, ಒಂದು ದಿನವೂ ನನಗೆ ಹೊಡೆದವಳಲ್ಲ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದಳು, ಅಷ್ಟೇ. ನೆಂಟರೆದುರು ಚಿಕ್ಕಮ್ಮನ ಹೋಳಿಗೆ ಹೊಗಳಿದ್ದಕ್ಕೆ ಒಮ್ಮೆ ವಾರಗಟ್ಟಲೆ. ಎಷ್ಟೋ ಸಲ ಕಾರಣವೇ ತಿಳಿಯುತ್ತಿರಲಿಲ್ಲ. ಕರೆದರೆ ನನ್ನ ಹಿಂದಿನ ಗೋಡೆ ನೋಡುವಳು. ತಮ್ಮನ ತಲೆ ಬಾಚುತ್ತ, ನನಗೆ ಕೇಳುವಂತೆ, "ಯಂಗೆ ನೀನೊಬ್ಬನೇ ಸಾಕು" ಎನ್ನುವಳು. ಅಪ್ಪ ಪೇಪರಿನ ಮರೆಯಿಂದ, "ಹೋಗಿ ಕಾಲು ಹಿಡಿ" ಎನ್ನುತ್ತಿದ್ದ. ಹಿಡಿಯಹೋದರೆ ಆ ಕಾಲು ಹಿಂದೆ ಸರಿಯುತ್ತಿತ್ತು. ಅವಳಷ್ಟು ನಗುಮುಖದವರು ಕೇರಿಯಲ್ಲೇ ಇಲ್ಲ ಎಂಬ ಹೆಸರಿತ್ತು. ಯಾರ ಹತ್ತಿರ ಹೇಳಲಿ? ಬರಬರುತ್ತ ಶಾಲೆಯಲ್ಲೂ ನನ್ನ ಬಾಯಿ ಕಟ್ಟಿಹೋಯಿತು.

ಅಜ್ಜನ ತಿಥಿಗೆ ಅಪ್ಪನ ಅಕ್ಕ, ಸಿದ್ದಾಪುರದ ಅತ್ತೆ, ಬಂದಿದ್ದಳು. ಪಾಯಸ ಬಡಿಸುತ್ತ ಬಂದ ಆಯಿ ನನ್ನ ಎಲೆಯನ್ನು ದಾಟಿ ಮುಂದೆ ಹೋದದ್ದನ್ನು ಅತ್ತೆ ನೋಡಿದಳು.

"ಕೂಸಿಗೆ ಬಡಿಸಿದ್ದಿಲ್ಲೆ ನೀನು," ಎಂದಳು ಅತ್ತೆ.

"ಬೇಕಾದ್ರೆ ಕೇಳ್ತು," ಎಂದಳು ಆಯಿ.

"ಕೇಳಲೆ ಅದಕ್ಕೆ ಬಾಯಿ ಉಳಿಸಿದ್ಯ?"

ಪಂಕ್ತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಊಟವಾದ ಮೇಲೆ ಅತ್ತೆ ಹಿತ್ತಿಲಿಗೆ ಕರೆದು ವಿಚಾರಿಸಿದಳು. "ಆನು ಎಂತ ತಪ್ಪು ಮಾಡಿದ್ದಿ ಹೇಳಿ ಗೊತ್ತಿಲ್ಲೆ" ಎಂದಷ್ಟೇ ಹೇಳಿದೆ. ಅವಳಿಗೆ ಅಷ್ಟು ಸಾಕಾಯಿತು. ಮರುದಿನ ಅಪ್ಪನೊಡನೆ ಜಗಳವಾಡಿ ನನ್ನನ್ನು ಸಿದ್ದಾಪುರಕ್ಕೆ ಕರೆದೊಯ್ದಳು. ಹೈಸ್ಕೂಲು ಮುಗಿಸಿದ್ದು ಅಲ್ಲೇ.

ಹೋದ ಹೊಸತರಲ್ಲಿ ಮಜ್ಜಿಗೆ ಪಾತ್ರೆ ಉರುಳಿಸಿಬಿಟ್ಟೆ. ಅತ್ತೆ ಸೂರು ಹಾರಿಹೋಗುವಂತೆ ಬೈದಳು. ನೆಲ ಒರೆಸಿ ಎದ್ದವಳೇ, "ಬಾ, ದೋಸೆ ಆರ್ತು" ಎಂದಳು. ಬಾಗಿಲ ಬಳಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ. ಬೈದು ಮುಗಿದ ಮೇಲೂ ಮಾತಾಡುತ್ತಾರೆ ಎಂಬುದು ನನಗೆ ಹೊಸದು.

ಇಂದು ಮಧ್ಯಾಹ್ನ ಆಯಿ ಫೋನು ಮಾಡಿದ್ದಳು. ವಯಸ್ಸಾಗಿದೆ, ಅವಳಿಗೀಗ ಮಾತು ಬೇಕು. "ನೀ ಎಂತಕ್ಕೆ ಯನ್ನ ಹತ್ರ ಬಾಯಿಬಿಟ್ಟು ಮಾತಾಡ್ತೇ ಇಲ್ಲೆ?" ಎಂದಳು. ಎಂದಿನಂತೆ ಕ್ಷಮೆ ಕೇಳುವುದರಲ್ಲಿದ್ದೆ. ತಡೆದುಕೊಂಡು, ಆ ತಿಥಿಯ ದಿನದ್ದನ್ನೂ ಅದಕ್ಕಿಂತ ಹಿಂದಿನದನ್ನೂ ಹೇಳಿದೆ.

"ಯಂಗೆ ಅದೆಲ್ಲ ನೆನಪೇ ಇಲ್ಲೆ" ಎಂದಳು.

"ಯಂಗೆ ನೆನಪಿದ್ದು ಆಯಿ. ಇನ್ನು ಸಿಟ್ಟು ಬಂದ್ರೆ ಬೈದುಬಿಡು. ಮಾತು ಮಾತ್ರ ಬಿಡಡ."

ಅವಳು ಏನೂ ಹೇಳಲಿಲ್ಲ. ಆದರೆ ಫೋನನ್ನೂ ಇಡಲಿಲ್ಲ.