ಮುಂದಿನ ಸಾಲಿನ ಎರಡಿಂಚು

ಸ್ಟೇಡಿಯಂನ ಮುಂದಿನ ಸಾಲಿನಲ್ಲಿ ಎರಡಿಂಚು ತಪ್ಪಿದ್ದು ಭಾವನಿಂದಲ್ಲ, ಅಕ್ಕ. ನನ್ನಿಂದ. ಗೊತ್ತಿದ್ದೂ ಎಲ್ಲರೆದುರು ಆ ತಪ್ಪನ್ನು ಅವರ ತಲೆಗೆ ಕಟ್ಟಿದವನೂ ನಾನೇ. ಹನ್ನೊಂದು ವರ್ಷದಿಂದ ಈ ಮಾತು ನನ್ನ ಬಾಯಿಯವರೆಗೆ ಬಂದು ಬಂದು ಒಳಗೆ ಹೋಗಿದೆ. ಅವರಿದ್ದಾಗ ಹೇಳಲಿಲ್ಲ. ಅವರು ಹೋಗಿ ತಿಂಗಳಾಗುತ್ತಾ ಬಂದ ಮೇಲೆ, ಈಗ ಬರೆಯುತ್ತಿದ್ದೇನೆ.

ತಿಥಿಯ ದಿನ ಊಟವಾದ ಮೇಲೆ ನಿಮ್ಮ ಪದ್ಮನಾಭನಗರದ ಮನೆಯಲ್ಲಿ ಚಿಕ್ಕಪ್ಪ ಭಾವನ ಫೋಟೋ ಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದರು. "ಎರಡಿಂಚು ನೋಡ್ಕೊಂಡು ಹೊಡೀರಪ್ಪಾ, ನಮ್ ಮುನಿರಾಜಣ್ಣನ ಫೋಟೋ ಅದು!" ಎಂದು ಯಾರೋ ಅಂದರು. ಅಷ್ಟು ದುಃಖದಲ್ಲೂ ಎಲ್ಲರೂ ನಕ್ಕರು. ನೀನೂ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ನಕ್ಕೆ. ಆಮೇಲೆ ನಿನ್ನ ಮಗಳು ಸೌಮ್ಯ ನನ್ನ ಪಕ್ಕ ಬಂದು ಕೂತು ಕೇಳಿದಳು: "ಅಪ್ಪ ಅಳತೆ ತಪ್ಪಿದ್ದು ಜೀವನದಲ್ಲಿ ಅದೊಂದೇ ಸಲ ಅಲ್ವಾ ಮಾವ? ಅದನ್ನೇ ಹಿಡ್ಕೊಂಡ್‌ಬಿಟ್ರು ಎಲ್ರೂ."

ನಾನು "ಹೂಂ" ಎಂದೆ. ಅವರ ಮಗಳಿಗೆ, ಅವರ ಫೋಟೋ ಎದುರಿಗೆ — ಹೂಂ ಎಂದೆ.

ಆ ಕೆಲಸಕ್ಕೆ ಭಾವನನ್ನು ಕರೆದುಕೊಂಡು ಹೋದವನು ನಾನು. ನಾನು ಡ್ರಾಯಿಂಗ್ ಬರೆಯುತ್ತಿದ್ದ ಆಫೀಸಿಗೆ ಜಯನಗರದ ಆ ಹಳೇ ಬ್ಯಾಸ್ಕೆಟ್‌ಬಾಲ್ ಸ್ಟೇಡಿಯಂನ ರಿಪೇರಿ ಬಂದಿತ್ತು. ಕೋರ್ಟಿನ ಎರಡೂ ಬದಿಗೆ ಸಿಮೆಂಟಿನ ಮೆಟ್ಟಿಲು; ಅಂಚೆಲ್ಲ ಉದುರಿ, ಕೂತೆದ್ದರೆ ಬಟ್ಟೆಗೆ ಪುಡಿ ಮೆತ್ತುತ್ತಿತ್ತು. ಆ ಮೆಟ್ಟಿಲುಗಳ ಮೇಲೆ ಕಬ್ಬಿಣದ ಫ್ರೇಮ್ ನಿಲ್ಲಿಸಿ, ಅದಕ್ಕೆ ಪ್ಲಾಸ್ಟಿಕ್ ಸೀಟು ಕೂರಿಸಬೇಕಿತ್ತು. ಮೊದಲು ಪೂರ್ವದ ಬದಿ. ಅದು ಒಪ್ಪಿಗೆಯಾದರೆ ಪಶ್ಚಿಮದ ಬದಿಯೂ ಅದೇ ಕೈಗೆ ಎಂದು ಮಾತಾಗಿತ್ತು. ಭಾವ ಅಲ್ಲಿಯವರೆಗೆ ತಮ್ಮ ವೆಲ್ಡಿಂಗ್ ಶೆಡ್‌ನಲ್ಲಿ ಮಾಡಿದ್ದೆಲ್ಲ ಗೇಟು, ಕಿಟಕಿಯ ಗ್ರಿಲ್ಲು. "ಇಷ್ಟು ದಿನ ಜನಾನ ಹೊರಗಿಡೋ ಕೆಲ್ಸ ಮಾಡ್ದೆ ಕಿಟ್ಟಿ," ಎಂದರು ಮೊದಲ ದಿನ. "ಇದು ಕರ್ದು ಕೂರಿಸೋ ಕೆಲ್ಸ."

ಅವರು ಅಲ್ಲಿ ಹೇಗೆ ಕೆಲಸ ಮಾಡಿದರೆಂದು ನೀನು ನೋಡಿಲ್ಲ. ಶುರು ಮಾಡುವ ಮೊದಲು ನಾಲ್ಕು ಸಂಜೆ ಸುಮ್ಮನೆ ಹೋಗಿ ಕೂತರು. ಒಂದೊಂದು ಸಂಜೆ ಒಂದೊಂದು ಕಡೆ. ಹುಡುಗಿಯರ ಪ್ರಾಕ್ಟೀಸ್ ನಡೆಯುತ್ತಿತ್ತು. ಭಾವ ಆಟ ನೋಡುತ್ತಿರಲಿಲ್ಲ, ನೋಡುವವರನ್ನು ನೋಡುತ್ತಿದ್ದರು. ನಾಲ್ಕನೇ ಸಂಜೆ ಹೇಳಿದರು: "ಜನ ಪದೇ ಪದೇ ಎದ್ದೇಳ್ತಾರಲ್ಲ, ಖುಷಿಗಲ್ಲ ಕಣೋ. ಬಾಲು ಹತ್ರದ ಗೆರೆಗೆ ಬಂದ್ರೆ ಅವ್ರಿಗೆ ಕಾಣಲ್ಲ. ಒಬ್ಬ ಎದ್ದ ಅಂದ್ರೆ ಹಿಂದಿನವ್ರೆಲ್ಲ ಏಳ್ಬೇಕು. ಯಾರೂ ಏಳ್ದೇ ಇರೋ ಹಂಗೆ ಮಾಡಾಣ." ನಮ್ಮ ಆಫೀಸಿನಲ್ಲಿ ಎಷ್ಟೋ ಜನ ಓದಿದವರಿದ್ದರು. ಇದು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಒಂದು ದಾರ ತಂದರು. ಕೂತವನ ಕಣ್ಣಿನ ಹತ್ತಿರ ಒಂದು ತುದಿ, ಕೋರ್ಟಿನ ಹತ್ತಿರದ ಗೆರೆಯ ಮೇಲೆ ಇನ್ನೊಂದು ತುದಿ. ನಡುವೆ ದಾರ ಯಾರ ತಲೆಗೂ ತಾಗಬಾರದು. "ಏನಣ್ಣ, ಗಾಳಿಪಟ ಬಿಡ್ತಿದ್ದೀರಾ?" ಎಂದು ಗಾರೆಯವನು ಕಿಚಾಯಿಸಿದ. "ಹೂಂ ಗುರು, ನಿನ್ ಬುರುಡೆಗೆ ಸಿಕ್ಕಾಕ್ಕೊಂಡೈತೆ, ಬಗ್ಗು!" ಎಂದರು ಭಾವ, ದಾರ ಬಿಡದೆ.

ಅಳತೆಗೆ ನಿನ್ನನ್ನು ಕೂರಿಸಿದ್ದು ನಿನಗೆ ನೆನಪಿರಬೇಕು. ಭಾನುವಾರ ಮಧ್ಯಾಹ್ನ, ನೀನು ಹುರುಳಿಕಾಯಿ ಬಿಡಿಸುತ್ತಿದ್ದೆ. "ಕುಳ್ಳಗಿರೋರಿಗೆ ಕಂಡ್ರೆ ಎಲ್ಲಾರ್ಗೂ ಕಾಣುತ್ತೆ, ಬಾರೇ" ಎಂದು ಕುರ್ಚಿ ಎಳೆದರು. "ನಾನೇನು ಸ್ಯಾಂಪಲ್ ಪೀಸಾ?" ಎಂದು ನೀನು ರೇಗಿದೆ. "ಈ ಮನೇಲಿ ನಿನಗಿಂತ ಗಿಡ್ಡ ಅಂದ್ರೆ ಸ್ಟೂಲ್ ಒಂದೇ" ಎಂದಾಗ ಮೊರದಲ್ಲಿದ್ದ ನಾರು ಎತ್ತಿ ಅವರ ಮೇಲೆ ಎಸೆದೆ. ನೆಲದಿಂದ ನಿನ್ನ ಕಣ್ಣಿನವರೆಗೆ ಟೇಪ್ ಹಿಡಿದು ಅವರು ಹೇಳಿದರು, ನಾನು ಬರೆದುಕೊಂಡೆ. "ನಮ್ ಕುರ್ಚಿ ಎತ್ರ ಕಿಟ್ಟಿ. ಸ್ಟೇಡಿಯಂ ಸೀಟು ಎರಡಿಂಚು ತಗ್ಗು. ಕಳ್ದು ಬರ್ಕೋ."

"ಆಯ್ತು ಭಾವ" ಎಂದೆ. ಕಳೆಯಲಿಲ್ಲ. ಮರೆತೆ — ಅಷ್ಟೇ. ನೋಡುವವರ ಕಣ್ಣು ನಿಜಕ್ಕಿಂತ ಎರಡಿಂಚು ಮೇಲಿರುತ್ತದೆ ಎಂದುಕೊಂಡು ಡ್ರಾಯಿಂಗ್ ಬರೆದೆ. ಹಾಗಾಗಿ ಫ್ರೇಮಿನ ಕಾಲು ಎರಡಿಂಚು ಕಡಿಮೆಯಾಯಿತು. ಭಾವ ಅದರಂತೆಯೇ ಕತ್ತರಿಸಿದರು. ಬೇರೆ ಯಾರ ಡ್ರಾಯಿಂಗ್ ಆಗಿದ್ದರೂ ಇನ್ನೊಮ್ಮೆ ಅಳೆಯುತ್ತಿದ್ದರು. ನನ್ನದಾದ್ದರಿಂದ ಅಳೆಯಲಿಲ್ಲ.

ಮೊದಲ ಸಾಲಿನ ಮುಂದೆ ಅಡ್ಡಕ್ಕೆ ಹಾಕುವ ತಡೆಕಂಬಿ ಎಲ್ಲಕ್ಕಿಂತ ಕೊನೆಗೆ ಬಂತು. ಮಾರನೇ ದಿನ ಹೊಸ ಸೀಟುಗಳನ್ನು ಪರೀಕ್ಷಿಸಲೆಂದೇ ಒಂದು ಮ್ಯಾಚ್ ಇತ್ತು. ಹಿಂದಿನ ಸಂಜೆ, ಕೆಲಸದವರೆಲ್ಲ ಹೋದ ಮೇಲೆ, ಹೆಮ್ಮೆಯಿಂದ ಮೊದಲ ಸಾಲಿನಲ್ಲಿ ಕೂತೆ. ಸ್ವಲ್ಪ ಕುಗ್ಗಿ, ನಿನ್ನಷ್ಟು ಎತ್ತರಕ್ಕೆ. ಕಂಬಿ ಸರಿಯಾಗಿ ಹತ್ತಿರದ ಗೆರೆಯ ಮೇಲೆ ಬಂದು ಅದನ್ನು ಮುಚ್ಚಿತು. ಆಗಲೇ ತಿಳಿಯಿತು, ಏನಾಗಿದೆ ಎಂದು. ಎರಡು ಹೆಜ್ಜೆ ನಡೆದಿದ್ದರೆ ಗೇಟಿನಲ್ಲಿ ಸ್ಕೂಟರ್ ತೆಗೆಯುತ್ತಿದ್ದ ಭಾವ ಸಿಗುತ್ತಿದ್ದರು. ನಾನು ಹೋಗಲಿಲ್ಲ. ಬೆಳಿಗ್ಗೆ ಬೇಗ ಆಫೀಸಿಗೆ ಹೋಗಿ ಅಂಕಿ ತಿದ್ದಿ ಹೊಸ ಪ್ರಿಂಟ್ ತೆಗೆದೆ. ಇದು ಮರೆವಲ್ಲ, ಅಕ್ಕ. ಇದು ನಾನು ಯೋಚಿಸಿ ಮಾಡಿದ್ದು.

ಮ್ಯಾಚ್ ಶುರುವಾಗಿ ಐದು ನಿಮಿಷಕ್ಕೆ, ಸ್ಟೇಡಿಯಂನ ಕಾರ್ಯದರ್ಶಿ ಮೊದಲ ಸಾಲಿನಿಂದ ಎದ್ದು ನಿಂತರು. "ಏನ್ರೀ ಇದು? ಬಾಲು ಗೆರೆ ದಾಟ್ತೋ ಇಲ್ವೋ ಕಾಣ್ತಾನೇ ಇಲ್ಲ! ಯಾರ್ರೀ ಅಳತೆ ಕೊಟ್ಟಿದ್ದು?"

ನಾನು ಹೊಸ ಪ್ರಿಂಟ್ ಬಿಚ್ಚಿ ಹಿಡಿದೆ. "ಡ್ರಾಯಿಂಗ್ ಸರಿಯಾಗೇ ಇದೆ ಸಾರ್. ಕಟಿಂಗ್‌ನಲ್ಲಿ ಎಲ್ಲೋ…"

ಅಷ್ಟೇ ಅಂದೆ. ಉಳಿದದ್ದನ್ನು ಹೇಳುವ ಅಗತ್ಯವೇ ಬೀಳಲಿಲ್ಲ.

ಭಾವನ ಅಂಗಿಯ ಜೇಬಿನಲ್ಲಿ ಹಳೇ ಪ್ರಿಂಟ್ ಇತ್ತು, ನನ್ನ ಕೈಬರಹದ ತಪ್ಪು ಅಂಕಿಯ ಜೊತೆ. ಅವರ ಕೈ ಜೇಬಿಗೆ ಹೋಯಿತು. ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ — ಏನಿತ್ತು ಎಂದು ಇವತ್ತಿಗೂ ನನಗೆ… ಕೈ ಕೆಳಗಿಳಿಯಿತು.

"ನಮ್ ಕಡೆ ಎಡವಟ್ಟು ಸಾರ್. ನಾಲ್ಕ್ ದಿನ ಕೊಡಿ" ಎಂದರು.

ನಾಲ್ಕೇ ದಿನದಲ್ಲಿ ಪ್ರತಿ ಕಾಲಿಗೂ ಎರಡಿಂಚಿನ ತುಂಡು ಬೆಸೆದು ಎತ್ತರಿಸಿದರು. ಬೆಸುಗೆಯನ್ನು ಉಜ್ಜಿ ಉಜ್ಜಿ, ಬೆರಳಾಡಿಸಿದರೂ ಕೂಡಿಸಿದ ಜಾಗ ತಿಳಿಯದ ಹಾಗೆ ಮಾಡಿದರು. ಯಾರೂ ಬಗ್ಗಿ ನೋಡದ ಜಾಗ ಅದು. ಮತ್ತೆ ದಾರ ಹಿಡಿದು ಒಂದೊಂದೇ ಸೀಟಿನಲ್ಲಿ ತಾವೇ ಕೂತು ಎದ್ದರು. ಆದರೂ ಪಶ್ಚಿಮದ ಬದಿ ಬೇರೆಯವರಿಗೆ ಹೋಯಿತು. ಭಾವ ಮತ್ತೆ ಗೇಟು, ಗ್ರಿಲ್ಲಿಗೆ ಬಂದರು. ಜನರನ್ನು ಕೂರಿಸುವ ಕೆಲಸ ಅವರಿಗೆ ಇನ್ನೊಂದು ಸಿಗಲಿಲ್ಲ.

ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ದಿನ ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಬಂದು, "ಊಟ ಮಾಡ್ಕೊಂಡ್ ಹೋಗು ಕಿಟ್ಟಿ" ಎಂದರು. ನೀನು ಕೇಳಿದ್ದಕ್ಕೆ "ಎರಡಿಂಚು ತಪ್ಪೋಯ್ತು ಕಣೇ" ಎಂದು ನಕ್ಕರು. ಅಲ್ಲಿಂದ ಆ ಮಾತು ಮನೆಯ ತಮಾಷೆಯಾಯಿತು. ಪರದೆಯ ಸರಳು ಹಾಕುವಾಗ, ಸೌಮ್ಯಳ ಸ್ಕರ್ಟ್ ಹೊಲಿಸುವಾಗ, ದೋಸೆ ಹರಿದಾಗ ಕೂಡ — "ಎರಡಿಂಚು!" ಪ್ರತಿ ಸಲ ಅವರು ಎಲ್ಲರ ಜೊತೆ ನಗುತ್ತಿದ್ದರು. ಪ್ರತಿ ಸಲ ನಾನೂ ನಕ್ಕೆ. ಅವರದು ದೊಡ್ಡ ಮನಸ್ಸು ಎಂದು ಬರೆದು ನಾನು ಹಗುರಾಗಲಾರೆ. ಅವರ ಮನಸ್ಸು ದೊಡ್ಡದಿತ್ತು ಎಂದೇ ನಾನು ಅಷ್ಟು ವರ್ಷ ತಪ್ಪಿಸಿಕೊಂಡೆ.

ಹೋದ ವಾರ ಸ್ಟೇಡಿಯಂಗೆ ಹೋಗಿದ್ದೆ. ಮ್ಯಾಚ್ ನಡೆಯುತ್ತಿತ್ತು. ಪಶ್ಚಿಮದ ಬದಿಯಲ್ಲಿ ಜನ ಎದ್ದೇಳುತ್ತಿದ್ದರು, ಕೂರುತ್ತಿದ್ದರು, ಮುಂದಿನವರನ್ನು ಬೈಯುತ್ತಿದ್ದರು. ಪೂರ್ವದ ಬದಿಯಲ್ಲಿ ಒಬ್ಬ ಅಜ್ಜಿ, ಮೊದಲ ಸಾಲಿನಲ್ಲೇ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೂತೇ ಇದ್ದರು. ಅವರಿಗೆ ಎಲ್ಲ ಕಾಣುತ್ತಿತ್ತು. ನೋಡುತ್ತಾ ನನಗೆ ಅಳು ತಡೆಯಲಾಗಲಿಲ್ಲ.

ಅಲ್ಲಿಂದ ಆ ಹಳೇ ಕಾರ್ಯದರ್ಶಿಯ ಮನೆ ಹುಡುಕಿಕೊಂಡು ಹೋಗಿ ಎಲ್ಲ ಹೇಳಿದೆ. ಅವರಿಗೆ ವಯಸ್ಸಾಗಿದೆ. "ಯಾವ ಎರಡಿಂಚಪ್ಪಾ?" ಎಂದರು. "ಆ ಸೀಟು ಚೆನ್ನಾಗೇ ಇದ್ವಲ್ಲ."

ಸ್ಟೇಡಿಯಂ ಮರೆತಿದೆ. ಆಫೀಸ್ ಮುಚ್ಚಿದೆ. ಭಾವ ಅಳತೆ ತಪ್ಪಿದರು ಎಂದು ಇನ್ನೂ ನಂಬಿರುವುದು ನಮ್ಮ ಮನೆಯೊಂದೇ — ಅವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದ ಮನೆ.

ಈ ಕಾಗದವನ್ನು ಮೊದಲು ನಿನ್ನ ಕೈಗೆ ಕೊಡುತ್ತೇನೆ. ಭಾನುವಾರ ಎಲ್ಲರೂ ನಿಮ್ಮ ಮನೆಯಲ್ಲಿ ಸೇರುತ್ತಾರೆ. ಸೌಮ್ಯ, ಚಿಕ್ಕಪ್ಪ, ಮಕ್ಕಳು — ಎಲ್ಲರೆದುರು ನಿಂತು ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ; ಕ್ಷಮಿಸಬೇಕಾದವರು ಇಲ್ಲ. ನೀನು ಎದ್ದು ಒಳಗೆ ಹೋದರೂ, ಅಕ್ಕ, ನಾನು ನಿಲ್ಲಿಸುವುದಿಲ್ಲ. ಪೂರ್ತಿ ಹೇಳಿಯೇ ಮುಗಿಸುತ್ತೇನೆ.